ಕೇಳಿದರೆ ಮಾತ್ರ

ಜನವರಿ 9

ಪ್ರೀತಿಯ ಚಿಕ್ಕಮ್ಮನಿಗೆ,

ನಿಮಗೆ ಫೋನಿನಲ್ಲಿ ಏನೂ ಕೇಳಿಸಲ್ಲ ಅಂತ ಗೊತ್ತಿದ್ದೂ ಎರಡು ಸಲ ಮಾಡಿದೆ. ಎರಡು ಸಲವೂ ನೀವು ನಾನಿಲ್ಲಿ ಚೆನ್ನಾಗಿದೀನಿ, ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು ಅಂದು ಇಟ್ಟುಬಿಟ್ಟಿರಿ. ಅದಕ್ಕೇ ಕಾಗದ.

ನಾಳೆಗೆ ಪುಟ್ಟಿಗೆ ಹನ್ನೊಂದು ವಾರ. ತೂಕ ಸರಿಯಾಗಿದೆ, ಮೂಗು ಮಾತ್ರ ನಿಮ್ಮದು, ಕ್ಷಮಿಸಿ. ನಾನು ಒಟ್ಟಿಗೆ ಎರಡು ಗಂಟೆ ಮಲಗಿ ಎಷ್ಟು ದಿನವಾಯಿತೋ. ಅವಳು ಎಚ್ಚರವಿದ್ದಾಗ ಅವಳು ಮಲಗೋಕೆ ಬಿಡಲ್ಲ, ಅವಳು ಮಲಗಿದಾಗ ಉಸಿರಾಡ್ತಿದಾಳಾ ಅಂತ ನೋಡೋದರಲ್ಲಿ ನಾನೇ ಮಲಗಲ್ಲ. ಇವರು ಸರ್ವೆ ಕೆಲಸದ ಮೇಲೆ ವಾರವಿಡೀ ಹೊರಗಿರ್ತಾರೆ, ಶನಿವಾರ ಬಂದು, ನೀನು ಸುಮ್ಮನೆ ಗಾಬರಿ ಮಾಡ್ಕೋತೀಯ ಅಂತ ಹೇಳಿ ಸೋಮವಾರ ಹೋಗ್ತಾರೆ.

ಕೆಲಸದ ವಿಷಯ. ನಮ್ಮ ನೀರು ಸರಬರಾಜು ಮಂಡಳಿಗೆ ಈ ವರ್ಷ ನೂರು ತುಂಬುತ್ತೆ. ಸ್ಮರಣ ಸಂಚಿಕೆಗೆ ಸಾರ್ವಜನಿಕ ಸಂಪರ್ಕ ವಿಭಾಗದ ಚರಿತ್ರೆ ಎಂಟು ಪುಟ ನಾನೇ ಬರೀಬೇಕಂತೆ. ಹೇಗೂ ಹೆರಿಗೆ ರಜೆಯಲ್ಲಿ ಮನೇಲೇ ಇರ್ತೀಯಲ್ಲ, ಮಗು ಮಲಗಿದಾಗ ಬರೆದರಾಯ್ತು ಅಂತ ಸಾಹೇಬರು ಹೇಳಿ ಕಳಿಸಿದಾರೆ. ಮಗು ಮಲಗೋದನ್ನ ಅವರು ಚಿತ್ರದಲ್ಲಿ ನೋಡಿರಬೇಕು. ಆ ಕುರ್ಚಿಯಲ್ಲಿ ನನಗಿಂತ ಮೊದಲು ಇಪ್ಪತ್ತೆಂಟು ವರ್ಷ ಕೂತವರು ನೀವು. ಈ ಕಸುಬು ಎಲ್ಲಿಂದ ಶುರುವಾಯಿತು, ನಮ್ಮಲ್ಲಿ ಹೇಗೆ ಬೆಳೀತು, ಗುಲಾಬಿ ಹಾಳೆ ಯಾರ ತಲೆಯಲ್ಲಿ ಹುಟ್ಟಿದ್ದು, ಎಲ್ಲಾ ಬರೆದು ಕಳಿಸಿ. ಗುಲಾಬಿ ಹಾಳೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಇರಲಿ.

ಎದುರು ಮನೆಯಲ್ಲಿ ಒಬ್ಬಳು ಟೈಲರ್ ಇದ್ದಾಳೆ. ಅವಳ ಮಗ ಗುಂಡ ಪುಟ್ಟಿಗಿಂತ ಎರಡು ವಾರ ಚಿಕ್ಕವನು. ಅವಳ ಹೊಲಿಗೆ ಯಂತ್ರದ ಸದ್ದಿಗೆ ಇಬ್ಬರೂ ಸುಮ್ಮನಾಗ್ತಾರೆ. ಇವತ್ತು ಆ ಸದ್ದಿನ ದಯೆಯಿಂದಲೇ ಇಷ್ಟು ಬರೆದದ್ದು. ನಿಂತಿತು ಈಗ.

ನಿಮ್ಮ ಗುಬ್ಬಿ


ಜನವರಿ 21

ಗುಬ್ಬಿ,

ಮೂಗಿನ ಮಾತು ಮನ್ನಿಸಿದ್ದೇನೆ. ಮುಂದೆ ಅವಳಿಗೆ ಉಪಯೋಗಕ್ಕೆ ಬರುತ್ತೆ, ಯಾರೂ ಎದುರು ಮಾತಾಡಲ್ಲ.

ಚರಿತ್ರೆಯನ್ನ ಡಂಗುರದವನಿಂದ ಶುರು ಮಾಡಬೇಡ. ಎಲ್ಲರೂ ಹಾಗೇ ಮಾಡ್ತಾರೆ. ಅವನು ದೊರೆಯ ಮಾತನ್ನ ಬೀದಿಗೆ ತರ್ತಿದ್ದ, ಬೀದಿಯ ಮಾತನ್ನ ದೊರೆಗೆ ಒಯ್ಯುತ್ತಿರಲಿಲ್ಲ. ಅದು ಅರ್ಧ ಕೆಲಸ. ಆಮೇಲೆ ಬಂದವರು ಸರ್ಕಸ್ಸಿನ, ನಾಟಕ ಕಂಪನಿಯ ಪ್ರಚಾರದವರು. ಅವರ ಕಸುಬು ಗದ್ದಲ. ಅದೇ ಕಾಲಕ್ಕೆ ರೈಲು ಕಂಪನಿ, ಗಣಿ ಕಂಪನಿಗಳ ಕಸುಬು ಮೌನ. ಜನ ಸತ್ತರೂ ಬಾಗಿಲು ಹಾಕಿಕೊಂಡು ಕೂತಿರ್ತಿದ್ದರು. ನೂರು ವರ್ಷಕ್ಕೂ ಹಿಂದೆ ದೂರದ ಒಂದು ದೇಶದಲ್ಲಿ ರೈಲು ಅಪಘಾತವಾಯಿತು. ಪತ್ರಿಕೆ ಬಿಟ್ಟು ಕಂಪನಿ ಸೇರಿದ್ದ ಒಬ್ಬ, ಮುಚ್ಚಿಡೋದು ಬೇಡ, ವರದಿಗಾರರನ್ನ ನಾವೇ ಕರೆದುಕೊಂಡು ಹೋಗಿ ತೋರಿಸೋಣ ಅಂದ. ನಡೆದದ್ದನ್ನ ಬರೆದು ಹಂಚಿದ. ನಮ್ಮ ಪತ್ರಿಕಾ ಪ್ರಕಟಣೆಯ ಮುತ್ತಜ್ಜ ಅದು. ಅದೇ ಮನುಷ್ಯ ಮುಂದೆ, ತೊಳೆಯಬಾರದವರ ರಕ್ತದ ಕೈಯನ್ನೂ ತೊಳೆದು ಒಳ್ಳೆಯವರು ಅಂತ ತೋರಿಸಿದ. ಎರಡನ್ನೂ ಬರೆ. ನಂತರ ಯುದ್ಧಗಳು ಬಂದವು. ಜನರ ಮನಸ್ಸು ತಿರುಗಿಸೋದು ಹೇಗೆ ಅಂತ ಸರ್ಕಾರಗಳು ಕಲಿತವು. ಯುದ್ಧ ಮುಗಿದ ಮೇಲೆ ಅದೇ ಜನ ಸೋಪು ಮಾರೋಕೆ ಬಂದರು.

ನಮ್ಮ ಮಂಡಳಿಯಲ್ಲಿ ಮೊದಲು ವಿಭಾಗವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಇಂಜಿನಿಯರೇ ದೀಪದ ಕಂಬಕ್ಕೆ ಚೀಟಿ ಅಂಟಿಸ್ತಿದ್ದ: ನಾಳೆ ನೀರು ಬರುವುದಿಲ್ಲ. ಅಷ್ಟೇ. ಅದಕ್ಕಿಂತ ಪ್ರಾಮಾಣಿಕ ಗದ್ಯ ಆ ಕಟ್ಟಡದಿಂದ ಮತ್ತೆ ಹೊರಗೆ ಬರಲಿಲ್ಲ. ಜನ ಗಲಾಟೆ ಮಾಡೋದು ಜಾಸ್ತಿಯಾದಾಗ ಒಬ್ಬ ಪತ್ರಕರ್ತನನ್ನ ತಂದು ಕೂರಿಸಿದರು. ಬರೆಯೋಕಲ್ಲ, ಬೇರೆಯವರು ಬರೆಯದ ಹಾಗೆ ನೋಡ್ಕೊಳ್ಳೋಕೆ. ಊಟ, ಕ್ಯಾಲೆಂಡರು, ಡೈರಿ ಹಂಚೋದೇ ಅವರ ಕಲೆ. ನಾನು ಅವರ ಕೈಕೆಳಗೆ ಟೈಪಿಸ್ಟಾಗಿ ಸೇರಿದವಳು. ಓದಿದವನಿಗೆ ಸಂಜೆಯೊಳಗೆ ಮರೆತುಹೋಗೋದೇ ಒಳ್ಳೆ ಪ್ರಕಟಣೆ ಅಂತಿದ್ದರು.

ಗುಲಾಬಿ ಹಾಳೆ ನನ್ನದು. ಒಮ್ಮೆ ಕಿರಿಯ ಇಂಜಿನಿಯರೊಬ್ಬ, ಪಾಪ, ಉತ್ತರ ಗೊತ್ತಿಲ್ಲದೆ ವರದಿಗಾರನಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದ. ಅವತ್ತಿಂದ ಪ್ರತಿ ಪ್ರಕಟಣೆಯ ಜೊತೆ, ಯಾರು ಏನೇನು ಕೇಳಬಹುದು, ಅದಕ್ಕೆ ನಿಜವಾದ ಉತ್ತರವೇನು ಅಂತ ಒಂದು ಹಾಳೆ ಬರೆದಿಡೋಕೆ ಶುರು ಮಾಡಿದೆ. ಉಗ್ರಾಣದಲ್ಲಿ ಯಾರಿಗೂ ಬೇಡದ ಗುಲಾಬಿ ಕಾಗದ ಬಿದ್ದಿತ್ತು, ಅದರಲ್ಲೇ. ಮೇಲೆ 'ಕೇಳಿದರೆ ಮಾತ್ರ' ಅಂತ ತಲೆಬರಹ. ಕೇಳಿದವರಿಗೆ ಯಾರೂ ಸುಳ್ಳು ಹೇಳಬಾರದು ಅಂತ ಹುಟ್ಟಿದ್ದು ಅದು. ಹೆಮ್ಮೆಯಿಂದ ಹಾಕಬಹುದು.

ಕರಡು ಕಳಿಸು. ಕೆಂಪು ಪೆನ್ನು ಇನ್ನೂ ಒಣಗಿಲ್ಲ.

ಚಿಕ್ಕಮ್ಮ


ಫೆಬ್ರವರಿ 3

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಕಾಗದವನ್ನ ನಾಲ್ಕು ಸಲ ಓದಿದೆ. ಮೂರು ಪುಟ ಬರೆದೂ ಆಯಿತು. ಗುಲಾಬಿ ಹಾಳೆಯ ಹತ್ತಿರ ಬಂದು ಪೆನ್ನು ನಿಂತಿದೆ.

ಹೋದ ಜುಲೈಯಲ್ಲಿ, ನನಗೆ ಆರು ತಿಂಗಳಾಗಿದ್ದಾಗ, ಪ್ರಯೋಗಾಲಯದಿಂದ ಒಂದು ವರದಿ ಬಂತು. ಹಳೇ ಸೀಸದ ಕೊಳವೆ ಇರೋ ಹದಿನಾಲ್ಕು ಬೀದಿಗಳಲ್ಲಿ ನಲ್ಲಿ ನೀರಿನಲ್ಲಿ ಸೀಸ, ಇರಬೇಕಾದ್ದಕ್ಕಿಂತ ಹೆಚ್ಚು. ಪ್ರಕಟಣೆ ನಾನೇ ಬರೆದೆ. ಹಳೆಯ ಕೊಳವೆಗಳ ನವೀಕರಣ ಹಂತಹಂತವಾಗಿ ನಡೆಯಲಿದ್ದು ಸಾರ್ವಜನಿಕರು ಸಹಕರಿಸಬೇಕು ಅಂತ. ಸೀಸ ಅನ್ನೋ ಮಾತೇ ಇಲ್ಲ. ಅದು ಗುಲಾಬಿ ಹಾಳೆಯಲ್ಲಿತ್ತು. ಹನ್ನೊಂದು ಪ್ರಶ್ನೆ, ಹನ್ನೊಂದು ಉತ್ತರ, ಒಂದೂ ಸುಳ್ಳಿಲ್ಲ. ನಾಲ್ಕನೇ ಉತ್ತರ ನನಗೆ ಬಾಯಿಪಾಠ: ಹಸುಗೂಸುಗಳಿಗೆ ಹಾಲುಪುಡಿ ಕಲಸಲು ಈ ನೀರನ್ನು ಬಳಸದಿರುವುದು ಒಳಿತು. ಕುದಿಸುವುದರಿಂದ ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಪತ್ರಿಕಾಗೋಷ್ಠಿಗೆ ಏಳು ಜನ ಬಂದಿದ್ದರು. ರಸ್ತೆ ಯಾವಾಗ ಅಗೀತೀರಿ ಅಂತ ಒಬ್ಬ ಕೇಳಿದ. ಟೀ ಕುಡಿದು ಎದ್ದರು. ಪ್ರಕಟಣೆ ಅಂದರೆ ಹೀಗಿರಬೇಕು, ಒಂದೇ ಒಂದು ಕಷ್ಟದ ಪ್ರಶ್ನೆ ಬರಲಿಲ್ಲ ನೋಡಿ ಅಂತ ಸಾಹೇಬರು ಎಲ್ಲರೆದುರು ಹೊಗಳಿದರು. ಚಿಕ್ಕಮ್ಮ, ನನಗೆ ಅವತ್ತು ಖುಷಿಯಾಯಿತು. ಅದನ್ನ ಬಿಟ್ಟು ಬರೆದರೆ ಈ ಕಾಗದಕ್ಕೂ ಅರ್ಥವಿಲ್ಲ.

ಸೆಪ್ಟೆಂಬರಿನಲ್ಲಿ ಈ ಮನೆಗೆ ಬಂದೆವು. ಇವರೇ ನೋಡಿ ಗೊತ್ತು ಮಾಡಿದ್ದು. ಸಾಮಾನು ಇಳಿಸಿದ ಮೇಲೆ ಬೀದಿಯ ಹೆಸರಿನ ಫಲಕ ಓದಿದೆ. ಆ ಹದಿನಾಲ್ಕರ ಪಟ್ಟಿಯಲ್ಲಿ ಒಂಬತ್ತನೆಯದು.

ಪುಟ್ಟಿಯ ಪುಡಿಹಾಲಿಗೆ ನಾವು ಕ್ಯಾನಿನ ನೀರು ತರಿಸ್ತೀವಿ. ಎದುರು ಮನೆಯವಳಿಗೆ ಎದೆಹಾಲು ಸಾಲದು, ಗುಂಡನಿಗೂ ಪುಡಿಹಾಲೇ. ಅವಳಷ್ಟು ಶುಚಿಯಾದ ತಾಯಿಯನ್ನ ನಾನು ನೋಡಿಲ್ಲ. ನಲ್ಲಿ ನೀರನ್ನ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಕುದಿಸ್ತಾಳೆ. ನೀನು ಓದಿದವಳು, ನೀನೇ ಹೇಳು, ಇಪ್ಪತ್ತು ಸಾಕಾ ಅಂತ ಕೇಳಿದಳು. ನಾನು, ನಮ್ಮಲ್ಲಿ ಕ್ಯಾನು ಹೆಚ್ಚಾಗಿ ಉಳೀತಿದೆ, ಒಂದು ತಗೋ ಅಂದೆ. ಈಗ ವಾರಕ್ಕೆರಡು ಹೀಗೆ ಹೆಚ್ಚಾಗಿ ಉಳೀತಿವೆ. ಆದರೆ ಅವಳಿಗೆ ಸಂಕೋಚ. ದುಡಿಯೋ ಕೈ, ಪುಕ್ಕಟೆ ತಗೊಳ್ಳಲ್ಲ. ಅರ್ಧ ಸಲ ವಾಪಸು ಮಾಡ್ತಾಳೆ, ಇಲ್ಲಾಂದ್ರೆ ಆ ನೀರಲ್ಲಿ ಬಟ್ಟೆ ನೆನೆಸ್ತಾಳೆ.

ಹೇಳಿಬಿಡಬೇಕು ಅಂತ ದಿನಾ ಬಾಗಿಲವರೆಗೂ ಹೋಗ್ತೀನಿ. ಕಡತದ ವಿಷಯ ಹೊರಗೆ ಹೇಳಿದರೆ ಕೆಲಸ ಹೋಗುತ್ತೆ. ಏನು ಮಾಡಲಿ?

ನಿಮ್ಮ ಗುಬ್ಬಿ


ಫೆಬ್ರವರಿ 14

ಗುಬ್ಬಿ,

ಮೂರು ಪುಟ ತಿದ್ದಿ ಇದರೊಟ್ಟಿಗಿಟ್ಟಿದ್ದೇನೆ. ಎರಡನೇ ಪುಟದಲ್ಲಿ 'ಅವಿಸ್ಮರಣೀಯ' ಅನ್ನೋದು ಮೂರು ಸಲ ಬಂದಿದೆ, ತೆಗೆ. ನಮ್ಮ ಕಾಲದ ರೇಡಿಯೋ ಮಾತುಕತೆಗಳ ಬಗ್ಗೆ ಒಂದು ಪ್ಯಾರಾ ಸೇರಿಸು.

ಇನ್ನೊಂದು ವಿಷಯ. ಕಡತದಲ್ಲಿರೋದು ಕಡತದಲ್ಲಿರಬೇಕು. ಕ್ರಮವಾಗಿ ಸಾಹೇಬರಿಗೆ ಬರೆ. ಬಾಣಂತಿಗೆ ನಿದ್ದೆಗೆಟ್ಟರೆ ಎಲ್ಲವೂ ದೊಡ್ಡದಾಗಿ ಕಾಣುತ್ತೆ. ಆ ಕ್ಯಾನು ಹಂಚೋದನ್ನ ಮಾತ್ರ ಬಿಡು. ಕ್ಯಾಲೆಂಡರು ಹಂಚಿದವರ ಶಿಷ್ಯೆಯಾದ ನಾನೇ ಇದನ್ನ ಹೇಳ್ತಿದ್ದೇನೆ ಅನ್ನೋದು ಗೊತ್ತಿದೆ ನನಗೆ.

ಚಿಕ್ಕಮ್ಮ


ಮಾರ್ಚ್ 2

ಚಿಕ್ಕಮ್ಮ,

ಸಾಹೇಬರಿಗೆ ಬರೆದೆ. ಉತ್ತರ ಎರಡೇ ದಿನದಲ್ಲಿ ಬಂತು, ಸೌಜನ್ಯದಿಂದ ತುಂಬಿ ತುಳುಕುತ್ತಿತ್ತು. ಕೊಳವೆ ಬದಲಾವಣೆ ಮುಂದಿನ ವರ್ಷ ಶುರು. ಆಗ ಕೆಟ್ಟ ಸುದ್ದಿ, ಒಳ್ಳೆ ಸುದ್ದಿ ಎರಡನ್ನೂ ಒಟ್ಟಿಗೆ ಕೊಡೋದು ಸೂಕ್ತ. ಈಗ ಹೇಳಿದರೆ ನೂರರ ಸಂಭ್ರಮದಲ್ಲಿ ಜನ ಸುಮ್ಮನೆ ಭಯಪಡ್ತಾರೆ. ಅಲ್ಲದೆ ಯಾರೂ ಕೇಳಿಲ್ಲವಲ್ಲ. ಕೊನೆಯಲ್ಲಿ ಮಗುವಿನ ಆರೋಗ್ಯ ವಿಚಾರಿಸಿದಾರೆ.

ಆ ಕಾಗದದಲ್ಲಿ ಒಂದು ವಾಕ್ಯವೂ ನನಗೆ ಹೊಸದಲ್ಲ. ಎಲ್ಲಾ ನಾನು ಬರೆಯೋ ವಾಕ್ಯಗಳೇ. ಅವರ ಜಾಗದಲ್ಲಿದ್ದರೆ ಇನ್ನೂ ನಯವಾಗಿ ಬರೀತಿದ್ದೆ.

ನಿನ್ನೆ ಎದುರು ಮನೆಯವಳು ಇನ್ನು ಮೇಲೆ ಅರ್ಧ ಗಂಟೆ ಕುದಿಸ್ತೀನಿ ಅಂದಳು. ಗುಂಡನಿಗೆ ಹೊಟ್ಟೆ ಸರಿಯಿಲ್ಲವಂತೆ. ಮಕ್ಕಳಿಗೆ ಹೊಟ್ಟೆ ಕೆಡೋದು ಇದ್ದದ್ದೇ, ಪುಟ್ಟಿಗೂ ಕೆಟ್ಟಿತ್ತು, ಇದಕ್ಕೂ ಅದಕ್ಕೂ ಸಂಬಂಧವಿಲ್ಲದೇ ಇರಬಹುದು. ಸೀಸ ಹೊಟ್ಟೆ ಕೆಡಿಸಿ ಸುದ್ದಿ ಕೊಡೋ ಜಾತಿಯದಲ್ಲ. ಅದು ಸದ್ದಿಲ್ಲದೆ ತಲೆಗೆ ಹೋಗುತ್ತೆ, ಮಗು ಶಾಲೆಗೆ ಹೋಗೋ ವಯಸ್ಸಿಗೆ ಗೊತ್ತಾಗುತ್ತೆ, ಆಗ ಯಾರೂ ನೀರನ್ನ ನೆನೆಯಲ್ಲ. ನಾನು ಅರ್ಧ ಗಂಟೆ ಬೇಡ ಅಂದೆ. ಯಾಕೆ ಅಂದಳು. ಗ್ಯಾಸ್ ದಂಡ ಅಂದೆ. ನಕ್ಕಳು. ನನ್ನ ಮಗನಿಗಿಂತ ಗ್ಯಾಸ್ ಹೆಚ್ಚಾ ಅಂದಳು.

ಒಂದು ಕೇಳ್ತೀನಿ, ಉತ್ತರ ಕೊಡಿ. ನಿಮ್ಮ ಇಪ್ಪತ್ತೆಂಟು ವರ್ಷದಲ್ಲಿ, ಯಾರೂ ಕೇಳದೆ ಉಳಿದ ಗುಲಾಬಿ ಹಾಳೆ ಇತ್ತಾ? ಚರಿತ್ರೆಗಲ್ಲ, ನನಗೆ.

ಗುಬ್ಬಿ


ಮಾರ್ಚ್ 29

ಚಿಕ್ಕಮ್ಮ,

ನನ್ನ ಹಿಂದಿನ ಕಾಗದ ಸಿಗಲಿಲ್ಲವಾ? ಅಂಚೆಯವನನ್ನ ಕೇಳಿದೆ. ನಿಮ್ಮ ಊರಿಗೆ ಮೂರು ದಿನ ಸಾಕು ಅಂದ. ಹುಷಾರಿಲ್ಲವಾ ಅಂತ ನಿಮ್ಮ ಮನೆ ಕೆಳಗಿನ ಬೈಂಡಿಂಗ್ ಅಂಗಡಿಗೆ ಫೋನ್ ಮಾಡಿದೆ. ದಿನಾ ಬೆಳಗ್ಗೆ ಪೇಪರು ಒಯ್ಯೋಕೆ ಬರ್ತಾರೆ, ಆರಾಮಾಗಿದಾರೆ ಅಂದರು.

ಹಾಗಾದರೆ ಸಿಕ್ಕಿದೆ.

ಪುಟ್ಟಿ ಮಗ್ಗುಲಾಗ್ತಾಳೆ.

ಗುಬ್ಬಿ


ಏಪ್ರಿಲ್ 11

ಗುಬ್ಬಿ,

ಸಿಕ್ಕಿತ್ತು. ನಾಲ್ಕು ಸಲ ಉತ್ತರ ಬರೆದೆ. ನಾಲ್ಕೂ ಚೆನ್ನಾಗಿದ್ದವು. ಅದಕ್ಕೇ ಹರಿದೆ.

ನೀನು ಎರಡನೇ ತರಗತಿಯಲ್ಲಿದ್ದಾಗ, ಹಳೇ ಜಲಾಶಯದ ಹತ್ತಿರ ನೀರಿಗೆ ಔಷಧಿ ಬೆರೆಸೋ ಯಂತ್ರ ಕೆಟ್ಟಿತ್ತು. ಬಿಡಿಭಾಗ ಬರೋಕೆ ಎಂಟು ದಿನ ಹಿಡಿಯಿತು. ಎಂಟು ದಿನವೂ ಊರಿನ ಪೂರ್ವ ಭಾಗಕ್ಕೆ ಹಾಗೇ ನೀರು ಬಿಟ್ಟರು. ವಾಡಿಕೆಯ ನಿರ್ವಹಣೆ ಅಂತ ಎರಡು ಸಾಲು ಪ್ರಕಟಣೆ ಕೊಟ್ಟೆ. ಗುಲಾಬಿ ಹಾಳೆಯಲ್ಲಿ ಪೂರ್ತಿ ಬರೆದಿಟ್ಟೆ. ಆ ಎಂಟು ದಿನ ಫೋನ್ ಪಕ್ಕದಲ್ಲೇ ಕೂತಿದ್ದೆ. ಆಗ ನನ್ನ ಕಿವಿ ಚೆನ್ನಾಗಿತ್ತು. ಯಾರಾದರೂ ಕೇಳಲಿ, ಕೇಳಿದ ತಕ್ಷಣ ಎಲ್ಲಾ ಓದಿ ಹೇಳಿಬಿಡ್ತೀನಿ ಅಂತ. ಯಾರೂ ಕೇಳಲಿಲ್ಲ. ಯಾಕೆ ಕೇಳ್ತಾರೆ? ಕೇಳದ ಹಾಗೆ ಬರೆದವಳು ನಾನೇ.

ಮುಂದಿನ ತಿಂಗಳು ಪೂರ್ವ ಭಾಗದಲ್ಲಿ ಕಾಮಾಲೆ ಹಬ್ಬಿತು. ಆ ನೀರಿನಿಂದಲೋ ಬೇರೆ ಯಾವುದರಿಂದಲೋ ನನಗೆ ಗೊತ್ತಿಲ್ಲ. ಗೊತ್ತಾಗೋ ಹಾಗೇ ಇರಲಿಲ್ಲ. ಯಾರೂ ನೀರಿನ ಕಡೆ ನೋಡಲಿಲ್ಲವಲ್ಲ. ಎಷ್ಟು ಜನ ಮಲಗಿದರು, ಎಷ್ಟು ಜನ ಏಳಲಿಲ್ಲ ಅಂತ ಪೇಪರಿನಲ್ಲಿ ಬರ್ತಿತ್ತು. ಓದಿ ಮಡಿಸಿ ಇಡ್ತಿದ್ದೆ. ಆ ವರ್ಷ ನನಗೆ ಬಡ್ತಿ ಬಂತು. ನಿಮ್ಮಮ್ಮ ಹೊಸ ಸೀರೆ ತಂದಳು.

ಹಾಳೆಯ ಬಗ್ಗೆ ನಿನಗೆ ಬರೆದದ್ದು ಸುಳ್ಳಲ್ಲ. ಕೇಳಿದವರಿಗೆ ಸುಳ್ಳು ಹೇಳಬಾರದು ಅಂತಲೇ ಶುರು ಮಾಡಿದ್ದು. ಆಮೇಲೆ ಅದರಿಂದ ಇನ್ನೊಂದು ಅನುಕೂಲ ಕಂಡಿತು. ಸತ್ಯ ಬರೆದಿಟ್ಟಾಗಿದೆಯಲ್ಲ ಅಂತ ಮನಸ್ಸಿಗೆ ನೆಮ್ಮದಿ. ಬೀರುವಿನಲ್ಲಿಟ್ಟರೂ ಹೇಳಿದಷ್ಟೇ ಹಗುರ ಅನ್ನಿಸ್ತಿತ್ತು. ನಿನಗೆ ಕಸುಬು ಕಲಿಸುವಾಗ ಈ ಭಾಗ ಕಲಿಸದೆ ಹಾಗೇ ದಾಟಿಸಿದೆ. ಫೆಬ್ರವರಿಯಲ್ಲಿ ನಿದ್ದೆಗೆಟ್ಟಿದೆ ಅಂತ ಬರೆದೆನಲ್ಲ, ಅದು ನಾಚಿಕೆಗೇಡು. ನಿನ್ನ ಕಣ್ಣು ಸರಿಯಾಗೇ ಇದೆ.

ಏನು ಮಾಡು ಅಂತ ನಾನು ಹೇಳಲ್ಲ. ಆ ಹಕ್ಕು ಬಿಟ್ಟುಕೊಟ್ಟು ಬಹಳ ವರ್ಷವಾಯಿತು.

ಚಿಕ್ಕಮ್ಮ


ಏಪ್ರಿಲ್ 19

ಚಿಕ್ಕಮ್ಮ,

ಸೋಮವಾರ ಕಚೇರಿಗೆ ಬಂದು ವಿವರಣೆ ಕೊಡಿ ಅಂತ ಸಾಹೇಬರ ಕಾಗದ ಬಂದಿದೆ. ಈ ಸಲ ಮಗುವಿನ ಆರೋಗ್ಯ ವಿಚಾರಿಸಿಲ್ಲ. ಇವರು ರಜೆ ಹಾಕಿ ಬಂದಿದಾರೆ. ಮೊದಲ ದಿನ ಕೂಗಾಡಿದರು. ಎರಡನೇ ದಿನ ಪಟ್ಟಿಯ ಹದಿನಾಲ್ಕು ಬೀದಿಗಳನ್ನ ನಕ್ಷೆಯಲ್ಲಿ ಗುರುತು ಮಾಡಿ ಕೊಟ್ಟು, ಪುಟ್ಟಿಯನ್ನ ಎತ್ತಿಕೊಂಡು ಹೊರಗೆ ಹೋದರು. ಅದೆಲ್ಲ ಇರಲಿ. ಗುರುವಾರದ್ದನ್ನ ಬರೆಯಬೇಕು.

ನಿಮ್ಮ ಕಾಗದ ಬುಧವಾರ ಬಂತು. ಗುರುವಾರ ಬೆಳಗ್ಗೆ ಪುಟ್ಟಿಯನ್ನ ಎತ್ತಿಕೊಂಡು ಎದುರು ಮನೆಗೆ ಹೋದೆ. ಅವಳು ಯಾರದೋ ಪರದೆಗಳಿಗೆ ಅಂಚು ಹೊಲೀತಿದ್ದಳು. ಬಂದೆಯಾ, ಇವನನ್ನ ಸ್ವಲ್ಪ ಹಿಡ್ಕೋ, ಇನ್ನೆರಡೇ ಉಳಿದಿರೋದು ಅಂತ ಗುಂಡನನ್ನ ನನ್ನ ತೊಡೆ ಮೇಲೆ ಹಾಕಿದಳು. ಪುಟ್ಟಿ ಚಾಪೆ ಮೇಲೆ ಬಟ್ಟೆ ಚೂರುಗಳ ಜೊತೆ. ಒಲೆ ಮೇಲೆ ಪಾತ್ರೆ ಕುದೀತಿತ್ತು.

ಯಂತ್ರ ನಿಲ್ಲೋವರೆಗೂ ಕಾಯೋಣ ಅಂದುಕೊಂಡೆ. ಕಾದರೆ ಹೇಳಲ್ಲ ಅಂತ ಗೊತ್ತಾಯಿತು. ಸದ್ದಿನ ಮೇಲೇ ಶುರು ಮಾಡಿದೆ. ಅವಳು ಯಂತ್ರದ ಮೇಲಿಂದ ಕಾಲು ತೆಗೆದಳು. ನಾನು ಹಾಳೆಯಲ್ಲಿ ಬರೆದ ಕ್ರಮದಲ್ಲೇ ಒಂದರಿಂದ ಹನ್ನೊಂದರವರೆಗೆ ಹೇಳಿದೆ, ಬೇರೆ ಹೇಗೆ ಹೇಳಬೇಕು ಅಂತ ನನಗೆ ತಿಳೀಲಿಲ್ಲ. ನಾಲ್ಕನೆಯದು ಬಂದಾಗ ಅವಳು ಎದ್ದು ಒಲೆ ಆರಿಸಿದಳು. ಆದರೆ ಪಾತ್ರೆ ಇಳಿಸಲಿಲ್ಲ, ಅದರೊಳಗೇ ನೋಡ್ತಾ ನಿಂತಳು.

ಆ ಕ್ಯಾನು ಕೊಡ್ತಿದ್ದದ್ದು ಅದಕ್ಕೇನಾ ಅಂತ ಕೇಳಿದಳು. ಹೌದು ಅಂದೆ.

"ಎಷ್ಟು ದಿನದಿಂದ ಗೊತ್ತಿತ್ತು ನಿನಗೆ?"

ಹನ್ನೊಂದು ಪ್ರಶ್ನೆ ಯೋಚಿಸಿದ್ದೆ, ಚಿಕ್ಕಮ್ಮ. ಪತ್ರಕರ್ತರು, ವೈದ್ಯರು, ವಕೀಲರು, ಎಲ್ಲರೂ ಏನು ಕೇಳಬಹುದು ಅಂತ. ಇದು ಅದರಲ್ಲಿರಲಿಲ್ಲ.

"ಗುಂಡ ಹುಟ್ಟೋಕ್ಕೂ ಮುಂಚೆಯಿಂದ," ಅಂದೆ.

ಅವಳು ಬಂದು ಗುಂಡನನ್ನ ನನ್ನ ತೊಡೆಯಿಂದ ತಗೊಂಡಳು. ಕಿತ್ತುಕೊಳ್ಳಲಿಲ್ಲ. ಕತ್ತಿನ ಕೆಳಗೆ ಕೈ ಕೊಟ್ಟು, ಪರಿಚಯವಿಲ್ಲದವರ ಹತ್ತಿರದಿಂದ ಮಗುವನ್ನ ತಗೊಳ್ಳೋ ಹಾಗೆ. ಕ್ಷಮಿಸು ಅನ್ನೋಕೆ ನೋಡಿದೆ, ಬಾಯಿಗೆ ಬಂದದ್ದೆಲ್ಲ ಪ್ರಕಟಣೆಯ ಹಾಗಿತ್ತು. ಅವಳು ಚಪ್ಪಲಿ ಹಾಕಿಕೊಂಡು, ಮಗುವನ್ನ ಭುಜಕ್ಕೆ ಒರಗಿಸಿಕೊಂಡು ಹೊರಗೆ ಹೋದಳು. ಪಕ್ಕದ ಮನೆಯ ಬಾಗಿಲು ತಟ್ಟೋ ಸದ್ದು ಕೇಳಿಸಿತು. ನೀರಿಗೆ ವಿಷ ಹಾಕಿದಾರಂತೆ ಅಂತ ಹೇಳ್ತಿದ್ದಳು. ಮಕ್ಕಳು ಸಾಯ್ತಾರಂತೆ.

ಹಾಗಲ್ಲ ಅದು. ಚಾಪೆ ಮೇಲಿನಿಂದ ಪುಟ್ಟಿಯನ್ನ ಎತ್ತಿಕೊಂಡು ಹಿಂದೆಯೇ ಓಡಿದೆ. ಆ ಮನೆಯ ಮುದುಕ ಒಳಉಡುಪಿನಲ್ಲೇ ಬಾಗಿಲಿಗೆ ಬಂದು ನಿಂತಿದ್ದ. ಯಾರೂ ಹಾಕಿಲ್ಲ, ಹಳೇ ಕೊಳವೆಯಿಂದ ಬರ್ತಿದೆ, ಬೆಳಗ್ಗೆ ಐದು ನಿಮಿಷ ನಲ್ಲಿ ಬಿಟ್ಟು ಆಮೇಲೆ ಹಿಡೀರಿ, ಸಣ್ಣ ಮಕ್ಕಳಿಗೆ ಬೇಡವೇ ಬೇಡ ಅಂದೆ. ನೀನು ಯಾರಮ್ಮ ಇದೆಲ್ಲ ಹೇಳೋಕೆ ಅಂದ. ಮಂಡಳಿಯಲ್ಲಿ ಜನರಿಗೆ ಸುದ್ದಿ ಹೇಳೋ ಕೆಲಸ ನನ್ನದು, ಇದನ್ನ ಹೇಳದೆ ಇಟ್ಟವಳು ನಾನೇ ಅಂದೆ. ಅವನು ನನ್ನ ಮುಖ ನೋಡಿದ, ಮಗುವಿನ ಮುಖ ನೋಡಿದ, ಒಳಗೆ ಹೋಗಿ ಸೊಸೆಯನ್ನ ಕರೆದ.

ಅಷ್ಟರಲ್ಲಿ ಅವಳು ಮುಂದಿನ ಮನೆಯಲ್ಲಿದ್ದಳು. ಅಲ್ಲೂ ಹಾಗೇ ಆಯಿತು. ಅವಳು ಅವಳ ಮಾತಿನಲ್ಲಿ ಹೇಳಿ ಹೋಗೋಳು, ನಾನು ಹಿಂದೆ ಬಂದು ನನ್ನ ಮಾತಿನಲ್ಲಿ ಹೇಳೋಳು. ಮೂರನೇ ಮನೆಯ ಹೆಂಗಸು ಒಂದು ತುಂಬಿದ ಬಿಂದಿಗೆಯನ್ನ ತಂದು ನನ್ನ ಕಾಲ ಹತ್ತಿರ ಸುರಿದಳು. ಬಯ್ದಳು. ಅವಳ ಬೈಗುಳ ಬರೆಯಲ್ಲ, ನಿಮಗೆ ಗೊತ್ತಿರೋವೇ. ಇಷ್ಟಾದರೂ ಎದುರು ಮನೆಯವಳು ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಅದೇ ಕಟ್ಟಡದ ಮೇಲಿನ ಮಹಡಿಗೆ ಹೋದಳು. ಪುಟ್ಟಿ ಅಳೋಕೆ ಶುರು ಮಾಡಿದ್ದಳು, ನನ್ನ ಸೀರೆ ಒದ್ದೆ, ಮೆಟ್ಟಿಲು ಹತ್ತೋದು ನಿಧಾನವಾಯಿತು. ನಾಲ್ಕನೇ ಮನೆಯ ಬಾಗಿಲು ತೆರೆದಿತ್ತು, ಒಳಗಿನವರು ಹೊಸಿಲಲ್ಲಿ ನಿಂತಿದ್ದರು. ಆದರೆ ಅವಳು ಇನ್ನೂ ಏನೂ ಹೇಳಿರಲಿಲ್ಲ. ಗುಂಡನನ್ನ ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿಕೊಂಡು, ಗೋಡೆ ನೋಡ್ತಾ, ನಾನು ಹತ್ತಿ ಬರೋವರೆಗೂ ಕಾಯ್ತಿದ್ದಳು.

ನಿಮ್ಮ ಗುಬ್ಬಿ